ವಿಜಯಪುರಕ್ಕೆ ಎರಡು ಕೌದಿ, ಮಂಗಳೂರಿಗೆ ಫ್ಯಾನು

ಪ್ರಶ್ನೆ: ನಮ್ಮದು ವಿಜಯಪುರದ ಹತ್ತಿರ ದ್ರಾಕ್ಷಿ ತೋಟ. ಮಗಳನ್ನು ಮಂಗಳೂರಿಗೆ ಕೊಟ್ಟಿದ್ದೇವೆ. ಜನವರಿಯಲ್ಲಿ ಹಗಲು ಎರಡೂ ಕಡೆ 30 ಡಿಗ್ರಿ ಆಸುಪಾಸು, ಆಕಾಶವೂ ಎರಡೂ ಕಡೆ ತಿಳಿ. ಆದರೆ ರಾತ್ರಿ ಅಲ್ಲಿ ಫ್ಯಾನ್ ಹಾಕಿಕೊಂಡು ಮಲಗುತ್ತೇವೆ, ಇಲ್ಲಿ ಎರಡು ಕೌದಿ ಹೊದ್ದರೂ ಸಾಲದು. ಗಾಳಿಯ ತೇವಾಂಶವೇ ಕಾರಣ ಅಂತ ಅಳಿಯಂದಿರು ಹೇಳುತ್ತಾರೆ. ತೇವ ಅಂದರೆ ತಂಪು ಅಲ್ವಾ? ಅದು ಬಿಸಿ ಹಿಡಿದಿಡುವುದು ಹೇಗೆ? ಇನ್ನೊಂದು ಮಾತು. ನಮ್ಮಲ್ಲೇ ಮೋಡ ಕವಿದ ರಾತ್ರಿ ಚಳಿ ಇರುವುದಿಲ್ಲ. ಮೋಡ ಬಂದದ್ದಕ್ಕೆ ಬೆಚ್ಚಗಾಯಿತೋ, ಬೆಚ್ಚಗಾದದ್ದಕ್ಕೆ ಮೋಡ ಕಟ್ಟಿತೋ?

ಉತ್ತರ: ಅಳಿಯಂದಿರು ಹೇಳಿದ್ದು ಬಹುಪಾಲು ಸರಿ. ಪೂರ್ತಿ ಸರಿ ಅನ್ನಲಾರೆ, ಯಾಕೆಂದರೆ ಸಮುದ್ರಕ್ಕೂ ಊರಿನ ಎತ್ತರಕ್ಕೂ ಇದರಲ್ಲಿ ಪಾಲಿದೆ. ಅವೆರಡನ್ನು ಮೊದಲೇ ಮುಗಿಸಿಬಿಡೋಣ. ಮಂಗಳೂರಿನ ಮಗ್ಗುಲಲ್ಲೇ ಸಮುದ್ರವಿದೆ. ಅದರ ನೀರು ಒಂದು ರಾತ್ರಿಯಲ್ಲಿ ಹೆಸರಿಗೆ ಮಾತ್ರ ತಣ್ಣಗಾಗುತ್ತದೆ. ವಿಜಯಪುರ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಸುತ್ತ ನೂರಾರು ಕಿಲೋಮೀಟರ್ ಬರೀ ನೆಲ. ಇವುಗಳ ಲೆಕ್ಕ ಕಳೆದರೂ ದೊಡ್ಡ ವ್ಯತ್ಯಾಸ ಉಳಿಯುತ್ತದೆ. ಅದು ತೇವದ್ದು.

ಈಗ 'ತೇವ ಅಂದರೆ ತಂಪು' ಅನ್ನುವ ಗಂಟನ್ನು ಬಿಚ್ಚೋಣ. ಮಡಕೆಯ ನೀರು ತಣ್ಣಗಿರುವುದು ಮಡಕೆ ಒದ್ದೆಯಾಗಿದೆ ಅಂತಲ್ಲ. ಅದರ ಮೈಯಿಂದ ನೀರು ಆವಿಯಾಗಿ ಹೊರಡುತ್ತದೆ, ಹೊರಡುವಾಗ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ, ಅದಕ್ಕೆ ತಂಪು. ಗಾಳಿಯಲ್ಲಿರುವ ನೀರು ಹಾಗೆ ಹೊರಟು ಬಂದು ಸೇರಿದ ನೀರು. ಅದು ಅನಿಲ. ಕಣ್ಣಿಗೆ ಕಾಣುವುದಿಲ್ಲ. ಟೀ ಕಾಯಿಸುವ ಕೆಟಲಿನ ಮೂತಿಯನ್ನು ಗಮನಿಸಿ ನೋಡಿ. ಮೂತಿಗೆ ತಾಗಿ ಒಂದು ಬೆರಳಗಲ ಖಾಲಿ ಜಾಗ ಕಾಣುತ್ತದೆ, ಅದರಾಚೆ ಬಿಳಿ ಹೊಗೆ ಶುರುವಾಗುತ್ತದೆ. ಆ ಖಾಲಿ ಜಾಗದಲ್ಲಿರುವುದೇ ನಿಜವಾದ ನೀರಾವಿ. ಬಿಳಿಯಾಗಿ ಕಾಣುವುದು ಆವಿಯಲ್ಲ, ತಣ್ಣಗಾಗಿ ಮತ್ತೆ ನೀರಾದ ಸಣ್ಣ ಹನಿಗಳು. ಮೋಡವೂ ಅದೇ, ಮಂಜೂ ಅದೇ. ಹಾಗಾಗಿ ಮಂಗಳೂರಿನ 'ತಿಳಿ' ಆಕಾಶ ನಿಮ್ಮೂರಿನಷ್ಟು ತಿಳಿಯಲ್ಲ. ಅಲ್ಲಿ ಬೇಕಾದಷ್ಟು ನೀರಾವಿ ತುಂಬಿದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಕಣ್ಣಿಗೆ ಕಾಣದಿದ್ದರೂ ನೆಲದ ಶಾಖಕ್ಕೆ ಅದು ಅಡ್ಡ ನಿಲ್ಲುತ್ತದೆ. ಬಿಸಿ ಇರುವ ಎಲ್ಲ ವಸ್ತುಗಳೂ ಅವಕೆಂಪು ಕಿರಣದ ರೂಪದಲ್ಲಿ ಶಾಖವನ್ನು ಬಿಡುತ್ತಲೇ ಇರುತ್ತವೆ. ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಗುವುದು ಅದೇ. 20 ಡಿಗ್ರಿ ಬಿಸಿಯ ನೆಲ ಪ್ರತಿ ಚದರ ಮೀಟರಿಗೆ ಸುಮಾರು 420 ವ್ಯಾಟ್‌ನಷ್ಟು ಶಾಖವನ್ನು ಮೇಲಕ್ಕೆ ಕಳಿಸುತ್ತದೆ. ಹಗಲಲ್ಲಿ ಸೂರ್ಯ ಇದನ್ನು ತುಂಬಿಕೊಡುತ್ತಾನೆ. ರಾತ್ರಿ ತುಂಬಿಕೊಡುವವರು ಯಾರು? ಗಾಳಿಯಲ್ಲಿ ನೂರಕ್ಕೆ 99 ಪಾಲು ಇರುವ ಸಾರಜನಕಕ್ಕೂ ಆಮ್ಲಜನಕಕ್ಕೂ ಈ ಕಿರಣಗಳ ಗೊಡವೆಯೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತವೆ. ಹಿಡಿಯುವುದು ಮುಖ್ಯವಾಗಿ ನೀರಾವಿ, ಆಮೇಲೆ ಇಂಗಾಲದ ಡೈಆಕ್ಸೈಡ್. ಹಿಡಿದದ್ದನ್ನು ಅವು ಎಲ್ಲ ದಿಕ್ಕಿಗೂ ಮತ್ತೆ ಬಿಡುತ್ತವೆ, ನೆಲದ ಕಡೆಗೂ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಟಿಂಡಾಲ್ ಇದನ್ನು 1859ರಿಂದ 1861ರವರೆಗೆ ಕೊಳವೆಯೊಳಗೆ ಒಂದೊಂದೇ ಅನಿಲ ತುಂಬಿ ಅಳೆದು ತೋರಿಸಿದರು. ಕೊಳವೆಯ ಎರಡೂ ತುದಿಗೆ ಅವರು ಹಾಕಿದ್ದು ಗಾಜಲ್ಲ, ಕಲ್ಲುಪ್ಪಿನ ಬಿಲ್ಲೆ. ಗಾಜು ಶಾಖದ ಕಿರಣವನ್ನು ತಡೆಯುತ್ತದೆ, ಉಪ್ಪು ತಡೆಯುವುದಿಲ್ಲ.

ನಿಮ್ಮೂರಿನ ಒಣ ತಿಳಿ ರಾತ್ರಿಯಲ್ಲಿ ಆ 420ರಲ್ಲಿ ಸುಮಾರು 325 ವ್ಯಾಟ್ ಆಕಾಶದಿಂದ ವಾಪಸ್ ಬರುತ್ತದೆ. ನಷ್ಟ 95. ಅದೇ ನೆಲದ ಮೇಲೆ ಮಂಗಳೂರಿನಂಥ ತೇವದ ಗಾಳಿ ಕೂತರೆ ವಾಪಸ್ ಬರುವುದು 360ರ ಹತ್ತಿರ, ನಷ್ಟ 60. ಕೆಳಮಟ್ಟದ ದಟ್ಟ ಮೋಡ ಮುಚ್ಚಿದರೆ ನಷ್ಟ 10ರ ಆಸುಪಾಸಿಗೆ ಇಳಿಯುತ್ತದೆ. ಇವು ಅಂದಾಜಿನ ಲೆಕ್ಕಗಳು, ಒಂದೊಂದು ರಾತ್ರಿ ಒಂದೊಂದು ಥರ ಇರುತ್ತದೆ. ಆದರೆ ಅನುಪಾತ ನೋಡಿ. ನೀರಾವಿ ನಷ್ಟವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿದರೆ, ಮೋಡ ಹೆಚ್ಚುಕಡಿಮೆ ಬಾಗಿಲನ್ನೇ ಹಾಕಿಬಿಡುತ್ತದೆ.

ಕಾರಣ ಇದು. ನೀರಾವಿಗೆ ಎಲ್ಲ ಅವಕೆಂಪು ಕಿರಣಗಳೂ ಹಿಡಿಸುವುದಿಲ್ಲ. 8ರಿಂದ 14 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಲೆಯುದ್ದದ ನಡುವೆ ಒಂದು ಕಿಟಕಿ ತೆರೆದೇ ಇರುತ್ತದೆ. ನೆಲದ ಶಾಖ ಅದರ ಮೂಲಕ ನೇರ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ತೇವ ಜಾಸ್ತಿಯಾದಂತೆ ಕಿಟಕಿ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬರುತ್ತದೆ. ಮೋಡದ ಹನಿಗಳು ಮಾತ್ರ ಯಾವ ಕಿಟಕಿಯನ್ನೂ ಬಿಡುವುದಿಲ್ಲ.

ಇದನ್ನು ನೀವೇ ನೋಡಬಹುದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಗನ್ನಿನ ಜಾತಿಯದೇ ಇನ್ನೊಂದು ಥರ್ಮಾಮೀಟರ್ ಸಿಗುತ್ತದೆ, ಎಂಜಿನ್ನು, ಹಂಚು, ಎಣ್ಣೆ ಅಳೆಯುವುದಕ್ಕೆ. ಹಣೆಯದು ಆಗುವುದಿಲ್ಲ, ಅದು ಅಷ್ಟು ಕೆಳಗಿನ ಉಷ್ಣಾಂಶ ತೋರಿಸುವುದಿಲ್ಲ. ಇದು ಸರಿಯಾಗಿ ಆ 8-14 ಮೈಕ್ರಾನ್ ಕಿಟಕಿಯಲ್ಲೇ ನೋಡುವ ಸಾಧನ. ಒಮ್ಮೆ ಜನವರಿಯಲ್ಲಿ ನಿಮ್ಮ ಕಡೆಯ ಗೆಳೆಯರೊಬ್ಬರ ಮಾಳಿಗೆ ಮೇಲೆ ನಿಂತು ನೆತ್ತಿಯ ಮೇಲಿನ ಆಕಾಶಕ್ಕೆ ಹಿಡಿದೆ. ಮೈನಸ್ 22 ತೋರಿಸಿತು. ಗೆಳೆಯರ ತಾಯಿಗೆ ನಂಬಿಕೆಯೇ ಬರಲಿಲ್ಲ, 'ನಿನ್ ಮಿಷನ್ ಕೆಟ್ಟೈತಿ' ಅಂದರು. ಅದೇ ವಾರ ಕರಾವಳಿಯಲ್ಲಿ ಹಿಡಿದಾಗ ಮೈನಸ್ 8. ಬೆಂಗಳೂರಿನ ಜುಲೈ ತಿಂಗಳ ಬೂದು ಮೋಡಕ್ಕೆ ಹಿಡಿದರೆ ಪ್ಲಸ್ 16. ನೆಲ ರಾತ್ರಿಯಿಡೀ ನೋಡುತ್ತಿರುವುದು ಈ ಚಾವಣಿಯನ್ನು. ಮೈನಸ್ 22ರ ಚಾವಣಿಯ ಕೆಳಗೆ ಮಲಗುವುದಕ್ಕೂ ಪ್ಲಸ್ 16ರ ಚಾವಣಿಯ ಕೆಳಗೆ ಮಲಗುವುದಕ್ಕೂ ವ್ಯತ್ಯಾಸ ಇರಲೇಬೇಕಲ್ಲ.

ಆದರೆ ಲೆಕ್ಕ ನೋಡಿದವರಿಗೆ ಒಂದು ಅನುಮಾನ ಬರಬೇಕು. 95ಕ್ಕೂ 60ಕ್ಕೂ ಇರುವ ಅಂತರದಿಂದಲೇ ಎರಡು ಕೌದಿಯಷ್ಟು ಚಳಿ ಬರುತ್ತದೆಯೇ? ಬರುವುದಿಲ್ಲ. ಇಲ್ಲಿ ತೇವದ ಎರಡನೇ ಆಟವಿದೆ, ನನ್ನ ಪ್ರಕಾರ ಅದೇ ಮುಖ್ಯ.

ಗಾಳಿ ತಣ್ಣಗಾಗುತ್ತ ಹೋದರೆ ಒಂದು ಹಂತದಲ್ಲಿ ಅದರಲ್ಲಿರುವ ಆವಿಯಷ್ಟೂ ಆವಿಯಾಗಿ ಉಳಿಯಲಾಗುವುದಿಲ್ಲ, ನೀರಾಗಲು ಶುರುವಾಗುತ್ತದೆ. ಆ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಅಂತ ಹೆಸರು. ಜನವರಿ ಸಂಜೆ ಮಂಗಳೂರಿನಲ್ಲಿ ಅದು 20ರ ಹತ್ತಿರ ಇರುತ್ತದೆ. ನಿಮ್ಮಲ್ಲಿ ಒಣ ಹವೆಯ ದಿನ 8 ಅಥವಾ 10. ಈಗ ಮಂಗಳೂರಿನ ನೆಲ ತಣ್ಣಗಾಗುತ್ತ 20ಕ್ಕೆ ಬಂತು ಅನ್ನಿ. ಇಬ್ಬನಿ ಕಟ್ಟಲು ಶುರು. ಮಡಕೆಯ ಮೈಯಿಂದ ಹೊರಡುವಾಗ ಕಿತ್ತುಕೊಂಡು ಹೋಗಿತ್ತಲ್ಲ, ಆ ಶಾಖವನ್ನು ನೀರು ಈಗ ವಾಪಸ್ ಕೊಡಬೇಕು. ಒಂದು ಚದರ ಮೀಟರ್ ಜಾಗದಲ್ಲಿ 100 ಗ್ರಾಂ ಇಬ್ಬನಿ ಕಟ್ಟಿದರೆ, ಅಂದರೆ ಒಂದು ಸಣ್ಣ ಟೀ ಲೋಟದಷ್ಟು ನೀರು, ಹೊರಬರುವ ಶಾಖದಲ್ಲಿ ಸುಮಾರು ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ಅಷ್ಟು ಇಬ್ಬನಿ ಒಂದು ಗಂಟೆಯಲ್ಲಿ ಕಟ್ಟಿದರೆ 68 ವ್ಯಾಟ್ ಆಯಿತು. ಆಗುವ ನಷ್ಟವನ್ನೆಲ್ಲ ಅದೇ ತುಂಬಿಕೊಡಬಲ್ಲದು. ನಿಜಕ್ಕೂ ಗಂಟೆಗೆ ಅಷ್ಟೊಂದು ಇಬ್ಬನಿ ಕಟ್ಟುವುದಿಲ್ಲ, ಇಡೀ ರಾತ್ರಿಗೆ ಒಂದೆರಡು ಲೋಟ ಬಿದ್ದರೆ ಒಳ್ಳೆಯ ಇಬ್ಬನಿ. ಆದರೂ ತಣ್ಣಗಾಗುವ ವೇಗಕ್ಕೆ ಗಟ್ಟಿ ಬ್ರೇಕ್ ಬೀಳುತ್ತದೆ. ಇಬ್ಬನಿ ಬಿಂದು ಮುಟ್ಟಿದ ಮೇಲೆ ಗಾಳಿಯ ಉಷ್ಣಾಂಶ ತೆವಳುತ್ತ ಇಳಿಯುತ್ತದೆ.

ವಿಜಯಪುರದಲ್ಲಿ ಆ ಬ್ರೇಕ್ ಇರುವುದು 8 ಡಿಗ್ರಿಯಲ್ಲಿ. ಅಲ್ಲಿಯವರೆಗೂ ಇಳಿಜಾರು. ಚಳಿಗಾಲದ ಒಣ ದಿನಗಳಲ್ಲಿ ನಿಮ್ಮಲ್ಲೂ ಬೀದರ್‌ನಲ್ಲೂ 10ರ ಕೆಳಗೆ ಇಳಿಯುವುದು ಹೀಗೆ. ಹವಾಮಾನ ನೋಡುವವರು ಸಂಜೆಯ ಇಬ್ಬನಿ ಬಿಂದುವನ್ನು ನೋಡಿಯೇ ರಾತ್ರಿಯ ಕನಿಷ್ಠ ಎಷ್ಟಿರಬಹುದು ಅಂತ ಒಂದು ಅಂದಾಜು ಹಾಕುತ್ತಾರೆ. ಗಾಳಿ ಬೀಸದೆ, ಹೊಸ ಗಾಳಿ ಬಂದು ಸೇರದೆ, ಆಕಾಶ ತಿಳಿಯಿದ್ದರೆ ಅದು ಚೆನ್ನಾಗಿಯೇ ಹೊಂದುತ್ತದೆ.

ಒಂದು ಎಚ್ಚರ. ಮೊಬೈಲ್‌ನಲ್ಲಿ 'ಆರ್ದ್ರತೆ 95%' ಅಂತ ಕಂಡ ಕೂಡಲೇ ಗಾಳಿ ತುಂಬ ತೇವ ಅಂದುಕೊಳ್ಳಬೇಡಿ. ಆ ಶೇಕಡಾ ಲೆಕ್ಕ ಉಷ್ಣಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಜನವರಿ ಬೆಳಿಗ್ಗೆ 12 ಡಿಗ್ರಿ, ಆರ್ದ್ರತೆ 95% ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಾವಿ ಇರುತ್ತದೆ. ಮೇ ಮಧ್ಯಾಹ್ನ 38 ಡಿಗ್ರಿ, ಆರ್ದ್ರತೆ ಬರೀ 30% ಇದ್ದಾಗ ಸುಮಾರು 14 ಗ್ರಾಂ! ತುಟಿ ಒಡೆಯುವ ಆ ಬಿಸಿಲಿನ ಗಾಳಿಯಲ್ಲೇ ನೀರು ಜಾಸ್ತಿ. ಇಬ್ಬನಿ ಬಿಂದು ಹೀಗೆ ಮೋಸ ಮಾಡುವುದಿಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಅದನ್ನೂ ಕೊಟ್ಟಿರುತ್ತಾರೆ, ಸ್ವಲ್ಪ ಕೆಳಗೆ ಹುಡುಕಬೇಕು.

ತಿಳಿ ಆಕಾಶ ಎಷ್ಟು ಶಾಖ ಎಳೆದುಕೊಳ್ಳುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಹಳೆಯ ಕಥೆ ಇದೆ. ಫ್ರಿಜ್ಜು ಇಲ್ಲದ ಕಾಲದಲ್ಲಿ ಅಲಹಾಬಾದಿನ ಬಯಲಲ್ಲಿ ಐಸ್ ಮಾಡುತ್ತಿದ್ದರು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1775ರಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಎರಡು ಅಡಿ ಆಳದ ಅಗಲವಾದ ಗುಂಡಿ. ಅದರಲ್ಲಿ ಒಣಗಿದ ಕಬ್ಬಿನ ದಂಟು ಅಥವಾ ಜೋಳದ ದಂಟನ್ನು ಒಂದಡಿಯಷ್ಟು ಹಾಸುವುದು. ಮೇಲೆ ಸಾಲಾಗಿ ಚಿಕ್ಕ ಮಣ್ಣಿನ ತಟ್ಟೆ, ಒಂದಂಗುಲಕ್ಕಿಂತ ಸ್ವಲ್ಪ ಹೆಚ್ಚು ಆಳದ್ದು. ಕಾಯಿಸಿ ಆರಿಸಿದ ನೀರನ್ನು ಮುಸ್ಸಂಜೆಗೆ ತುಂಬಿಟ್ಟು ಹೋದರೆ ಸೂರ್ಯ ಹುಟ್ಟುವ ಮೊದಲೇ ಬಂದು ಐಸ್ ಆರಿಸಿಕೊಳ್ಳುವುದು. ಸುತ್ತಲಿನ ಗಾಳಿ ಸೊನ್ನೆಗೆ ಇಳಿದೇ ಇರುವುದಿಲ್ಲ! ಕೆಳಗಿನ ದಂಟು ನೆಲದ ಶಾಖವನ್ನು ಮೇಲೆ ಬರಗೊಡುವುದಿಲ್ಲ, ನೀರು ಮಾತ್ರ ಆಕಾಶಕ್ಕೆ ಶಾಖ ಬಿಡುತ್ತಲೇ ಇರುತ್ತದೆ. ಮೋಡದ ರಾತ್ರಿ ಏನೂ ಸಿಗುತ್ತಿರಲಿಲ್ಲ. ತಟ್ಟೆಯ ಮೈಯಿಂದ ನೀರು ಆವಿಯಾಗುವುದೇ ಕಾರಣ ಎಂದು ಮೊದಮೊದಲು ಅಂದುಕೊಂಡಿದ್ದರು. ಮುಖ್ಯ ಕಾರಣ ಆಕಾಶಕ್ಕೆ ಹೋಗುವ ಶಾಖ ಎಂದು ವಾದಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್, 1814ರಲ್ಲಿ. ಅವರು ಉಣ್ಣೆಯ ಸಣ್ಣ ಉಂಡೆಗಳನ್ನು ರಾತ್ರಿ ತೋಟದಲ್ಲಿಟ್ಟು, ಬೆಳಿಗ್ಗೆ ತೂಗಿ ಇಬ್ಬನಿ ಅಳೆದವರು. ಹಲಗೆಯ ಮೇಲಿಟ್ಟ ಉಂಡೆ, ಅದೇ ಹಲಗೆಯ ಕೆಳಗೆ ಕಟ್ಟಿದ ಉಂಡೆಗಿಂತ ಎಷ್ಟೋ ಭಾರವಾಗಿರುತ್ತಿತ್ತು.

ನಿಮ್ಮ ದ್ರಾಕ್ಷಿ ಚಪ್ಪರದಲ್ಲೂ ಇದನ್ನೇ ನೋಡಿರುತ್ತೀರಿ. ಮೇಲಿನ ಎಲೆ ತೊಯ್ದಿರುತ್ತದೆ, ಒಳಗಿನ ಎಲೆ ಒಣಗಿರುತ್ತದೆ. ಮರದ ಕೆಳಗೆ ನಿಲ್ಲಿಸಿದ ಬೈಕಿನ ಸೀಟು ಒಣ, ಬಯಲಲ್ಲಿ ನಿಂತದ್ದು ಒದ್ದೆ. ಇಬ್ಬನಿ 'ಬೀಳುತ್ತದೆ' ಅಂತ ನಾವು ಹೇಳುವುದು ರೂಢಿ ಅಷ್ಟೆ, ಅದು ಮೇಲಿಂದ ಬೀಳುವುದಲ್ಲ. ಆಕಾಶಕ್ಕೆ ಮುಖ ಮಾಡಿದ್ದು ಜಾಸ್ತಿ ತಣ್ಣಗಾಗುತ್ತದೆ, ಜಾಸ್ತಿ ತಣ್ಣಗಾದದ್ದರ ಮೇಲೆ ಕಟ್ಟುತ್ತದೆ. ಕಡಲೆ ಹೊಲದಲ್ಲಿ ರಾತ್ರಿ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಹುಳಿನೀರು ತೆಗೆಯುವ ಪದ್ಧತಿ ಗೊತ್ತಲ್ಲ? ಹುಳಿ ಗಿಡದ್ದು, ನೀರು ಇಬ್ಬನಿಯದು. ಮೋಡದ ರಾತ್ರಿ ಹಾಸಿದರೆ ಬಟ್ಟೆ ಹಿಂಡುವಷ್ಟು ನೆನೆಯುವುದಿಲ್ಲ.

ಈಗ ಮೋಡ ಮೊದಲೋ ಬೆಚ್ಚಗೆ ಮೊದಲೋ ಅನ್ನುವ ಪ್ರಶ್ನೆ. ಎರಡಕ್ಕೂ ಮೊದಲು ಆವಿ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಪೂರ್ವದ ಗಾಳಿ ತೇವವನ್ನು ಹೊತ್ತು ತರುತ್ತದೆ. ಎಷ್ಟೋ ಸಲ ಮೋಡ ಕಾಣುವ ಮೊದಲೇ, ಹಿಂದಿನ ರಾತ್ರಿಯಿಂದಲೇ ಚಳಿ ಸಡಿಲವಾಗುತ್ತದೆ, ಇಬ್ಬನಿ ಬಿಂದು ಏರಿರುತ್ತದೆ. ಆಮೇಲೆ ಮೋಡ ಬಂದು ಉಳಿದ ಕಿಟಕಿಯನ್ನೂ ಮುಚ್ಚುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಅರ್ಧ ಬೆಚ್ಚಗೆ ಮೋಡ ಬರುವ ಮೊದಲೇ ಆಗಿರುತ್ತದೆ, ಉಳಿದರ್ಧ ಮೋಡದಿಂದ. ಬೆಚ್ಚಗಾದದ್ದಕ್ಕೇ ಮೋಡ ಕಟ್ಟಿತು ಅನ್ನುವುದು ಬೇಸಿಗೆ ಮಧ್ಯಾಹ್ನಕ್ಕೆ ಸರಿ, ಚಳಿಗಾಲದ ರಾತ್ರಿಗೆ ಸರಿಯಲ್ಲ.

ಬೇಸಿಗೆಯ ಮೋಡದ ವಿಷಯ ಬಂದಿದ್ದಕ್ಕೆ ಒಂದು ಸುಲಭ ಲೆಕ್ಕ ಹೇಳುತ್ತೇನೆ. ಬಿಸಿಗಾಳಿ ಮೇಲೇರುವಾಗ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತದೆ. ಇಬ್ಬನಿ ಬಿಂದುವಿಗೆ ಮುಟ್ಟಿದ ಎತ್ತರದಲ್ಲಿ ಮೋಡದ ಬುಡ. ನೆಲದ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿ, ಮೀಟರ್ ಲೆಕ್ಕದಲ್ಲಿ ಉತ್ತರ ಬರುತ್ತದೆ. ಮೇ ತಿಂಗಳ ಮಂಗಳೂರು 33 ಡಿಗ್ರಿ, ಇಬ್ಬನಿ ಬಿಂದು 25 ಆದರೆ ಮೋಡದ ಬುಡ 1,000 ಮೀಟರ್‌ನಲ್ಲಿ. ಏಪ್ರಿಲ್‌ನ ವಿಜಯಪುರ 39 ಡಿಗ್ರಿ, ಇಬ್ಬನಿ ಬಿಂದು 11 ಆದರೆ 3,500 ಮೀಟರ್. ಆ ಎತ್ತರದಿಂದ ಬಿದ್ದ ಹನಿ ಒಣಗಾಳಿಯಲ್ಲಿ ಮೂರೂವರೆ ಕಿಲೋಮೀಟರ್ ಇಳಿದು ಬರಬೇಕು. ಎಷ್ಟೋ ಹನಿಗಳು ದಾರಿಯಲ್ಲೇ ಆವಿಯಾಗಿಬಿಡುತ್ತವೆ. ಮೋಡದ ಕೆಳಗೆ ಕೂದಲು ಇಳಿಬಿಟ್ಟ ಹಾಗೆ ಬೂದು ಗೆರೆಗಳು ಕಾಣುತ್ತವಲ್ಲ, ನೆಲ ಮುಟ್ಟದವು, ಅವೇ. ಆವಿಯಾಗುವಾಗ ಗಾಳಿಯನ್ನು ತಣ್ಣಗೆ ಮಾಡುತ್ತವೆ, ತಣ್ಣನೆಯ ಗಾಳಿ ಭಾರವಾಗಿ ದಬಕ್ಕನೆ ಕೆಳಗಿಳಿಯುತ್ತದೆ. ಗುಡುಗು ಆಯಿತು, ಧೂಳು ಎಬ್ಬಿಸುವ ಗಾಳಿ ಬಂತು, ಮಳೆ ಮಾತ್ರ ಇಲ್ಲ ಅಂತ ಬೈದುಕೊಳ್ಳುತ್ತೀರಲ್ಲ, ಆ ಗಾಳಿಯನ್ನು ಕಳಿಸಿದ್ದು ದಾರಿಯಲ್ಲಿ ಸತ್ತ ಮಳೆ.

ತಣ್ಣಗಾದರೆ ಮಾತ್ರ ಸಾಲದು, ಹನಿ ಕಟ್ಟಲು ಆಸರೆ ಬೇಕು. ಧೂಳು, ಹೊಗೆ, ಸಮುದ್ರದ ಉಪ್ಪಿನ ಕಣ ಏನಾದರೂ ಇರಬೇಕು. ಒಂದು ಕಣವೂ ಇಲ್ಲದ ಶುದ್ಧ ಗಾಳಿಯಲ್ಲಿ ಆರ್ದ್ರತೆ ನೂರನ್ನು ದಾಟಿ ಎಷ್ಟೋ ಪಟ್ಟು ಏರಿದರೂ ಹನಿ ಕಟ್ಟುವುದಿಲ್ಲ. ನಮ್ಮ ಗಾಳಿಯಲ್ಲಿ ಕಣಗಳಿಗೇನೂ ಬರವಿಲ್ಲ ಬಿಡಿ.

ಈ ಕಣಗಳ ಮಾತು ಇನ್ನೊಂದು ಕಡೆ ಬರುತ್ತದೆ, ಅದು ನಮ್ಮವರದೇ ಶೋಧ. ರಾತ್ರಿ ಅತಿ ತಣ್ಣಗಿರುವುದು ನೆಲ, ಮೇಲೆ ಹೋದಂತೆ ಬೆಚ್ಚಗೆ ಎಂದು ಎಲ್ಲರೂ ನಂಬಿದ್ದರು. ಭಾರತೀಯ ಹವಾಮಾನ ಇಲಾಖೆಯಲ್ಲಿದ್ದ ಎಲ್. ಎ. ರಾಮದಾಸ್ ಅವರು ಎಸ್. ಆತ್ಮನಾಥನ್ ಜೊತೆ ಸೇರಿ 1932ರಲ್ಲಿ ಬೇರೆಯೇ ಕಂಡುಕೊಂಡರು. ತಿಳಿಯಾದ, ಗಾಳಿಯಾಡದ ರಾತ್ರಿ ಅತಿ ತಣ್ಣನೆಯ ಗಾಳಿ ನೆಲಕ್ಕೆ ತಾಗಿಕೊಂಡಿಲ್ಲ, ಒಂದು ಗೇಣು, ಎರಡು ಗೇಣು ಮೇಲಿದೆ! ತಣ್ಣನೆಯ ಗಾಳಿ ಬೆಚ್ಚನೆಯದರ ಮೇಲೆ ಕೂರುವುದು ಹೇಗೆ, ಭಾರಕ್ಕೆ ಕೆಳಗೆ ಜಾರಬೇಕಲ್ಲ ಅಂತ ಹೊರದೇಶದವರು ಬಹಳ ಕಾಲ ನಂಬಲಿಲ್ಲ. 1950ರ ದಶಕದಲ್ಲಿ ಬೇರೆಯವರೂ ಅಳೆದು ನೋಡಿದ ಮೇಲೆ ಒಪ್ಪಿದರು. ಈಗ ಅದಕ್ಕೆ ರಾಮದಾಸ್ ಪದರ ಅಂತಲೇ ಹೆಸರು. ಕಾರಣ ಹುಡುಕುವ ಕೆಲಸ ಬೆಂಗಳೂರಿಗೆ ಬಂತು. 1993ರಲ್ಲಿ ಎ. ಎಸ್. ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್, ರೊದ್ದಂ ನರಸಿಂಹ ಅವರು ನೆಲದ ಸಮೀಪದ ನೀರಾವಿ ಶಾಖ ಬಿಡುವ ರೀತಿಯನ್ನು ಇಟ್ಟುಕೊಂಡು ಒಂದು ಸಿದ್ಧಾಂತ ಕೊಟ್ಟರು. ಆಮೇಲೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್ ಮತ್ತು ಜೊತೆಗಾರರು, ನೀರಾವಿಯಿಂದ ಮಾತ್ರ ಅದು ಆಗುವುದಿಲ್ಲ, ನೆಲದ ಹತ್ತಿರ ತೇಲುವ ಧೂಳು ಹೊಗೆಯ ಕಣಗಳೇ ಶಾಖ ಬಿಟ್ಟು ಆ ಪದರವನ್ನು ತಣ್ಣಗೆ ಮಾಡುತ್ತವೆ ಎಂದು ತೋರಿಸಿದರು. ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ, ಅದೇ ಬೆಂಗಳೂರಿನಲ್ಲಿ ಕಟ್ಟಿದ ಸಿದ್ಧಾಂತವನ್ನು ಅದೇ ಬೆಂಗಳೂರಿನವರೇ ತಿದ್ದಿದರು.

ಮಂಜಿಗೂ ಇದೆಲ್ಲ ಸಂಬಂಧಪಟ್ಟದ್ದೇ. ಡಿಸೆಂಬರ್, ಜನವರಿಯ ನಸುಕಿನಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನ ತಡವಾಗುವುದನ್ನು ಪತ್ರಿಕೆಯಲ್ಲಿ ನೋಡುತ್ತೀರಿ. ಅದಕ್ಕೆ ಮೂರೂ ಕೂಡಿ ಬರಬೇಕು: ನೆಲದ ಸಮೀಪ ತೇವ, ಮೇಲೆ ಒಣ ತಿಳಿ ಆಕಾಶ, ಹದವಾದ ಗಾಳಿ. ಗಾಳಿ ಜೋರಾದರೆ ಎಲ್ಲ ಕಲಸಿಹೋಗುತ್ತದೆ. ಪೂರ್ತಿ ನಿಂತರೆ ತೇವವೆಲ್ಲ ಇಬ್ಬನಿಯಾಗಿ ಹುಲ್ಲಿಗೆ ಹೋಗುತ್ತದೆ, ಮಂಜು ಆಗುವುದಿಲ್ಲ. ಒಮ್ಮೆ ಮಂಜು ಕಟ್ಟಿತೆಂದರೆ ಲೆಕ್ಕ ತಿರುಗುತ್ತದೆ. ಈಗ ಆಕಾಶಕ್ಕೆ ಶಾಖ ಬಿಡುವುದು ನೆಲವಲ್ಲ, ಮಂಜಿನ ನೆತ್ತಿ. ನೆತ್ತಿ ತಣ್ಣಗಾಗಿ ಇನ್ನಷ್ಟು ಹನಿ ಕಟ್ಟುತ್ತದೆ, ಮಂಜು ಮೇಲಕ್ಕೆ ಬೆಳೆಯುತ್ತದೆ. ಸೂರ್ಯ ಹುಟ್ಟಿದ ಮೇಲೆ ಕರಗಬೇಕಾದ ಮಂಜು ಮೊದಲು ಅರ್ಧ ಗಂಟೆ ಜಾಸ್ತಿಯೇ ಆಗುವುದನ್ನೂ ನೋಡಿರುತ್ತೀರಿ. ಬಿಸಿಲಿಗೆ ಹುಲ್ಲಿನ ಇಬ್ಬನಿ ಆವಿಯಾಗಿ ಮೇಲಿನ ತಣ್ಣನೆಯ ಗಾಳಿಗೆ ಸೇರುವುದು ಅದಕ್ಕೊಂದು ಕಾರಣ.

ಬೆಂಗಳೂರು, ಮೈಸೂರಿನ ಜುಲೈ ಆಗಸ್ಟ್ ತಿಂಗಳ ಬೂದು ಚಾದರದಂಥ ಮೋಡವೂ ಹೀಗೇ ಬದುಕುವುದು. ಅದರ ನೆತ್ತಿ ರಾತ್ರಿಯಿಡೀ ಮೇಲಿನ ಆಕಾಶಕ್ಕೆ ಶಾಖ ಬಿಡುತ್ತದೆ. ತಣ್ಣಗಾದ ನೆತ್ತಿಯ ಗಾಳಿ ಭಾರವಾಗಿ ಮುಳುಗುತ್ತದೆ, ಕೆಳಗಿನ ತೇವದ ಗಾಳಿ ಆ ಜಾಗಕ್ಕೆ ಏರುತ್ತದೆ, ಮೋಡಕ್ಕೆ ಹೊಸ ನೀರು ಸಿಗುತ್ತದೆ. ಚಾದರ ಒಂದೇ ಸಮ ಇರದೆ ಗಂಟುಗಂಟಾಗಿ ಕಾಣುವುದಕ್ಕೆ ಈ ಏರಿಳಿತವೂ ಕಾರಣ. ಮೋಡದ ಮೇಲಿನ ಗಾಳಿ ಒಣಗಿದ್ದಷ್ಟೂ ನೆತ್ತಿ ಬೇಗ ತಣ್ಣಗಾಗುತ್ತದೆ, ಮೋಡ ಗಟ್ಟಿಯಾಗುತ್ತದೆ. ಆದರೆ ಅದೇ ಒಣಗಾಳಿ ಮೋಡದೊಳಗೆ ಬೆರೆತರೆ ಹನಿಗಳನ್ನು ಕುಡಿದುಬಿಡುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದನ್ನು ಕಂಪ್ಯೂಟರ್ ಮಾದರಿಗಳೂ ಸಲೀಸಾಗಿ ಹೇಳಲಾರವು. ಬೆಳಿಗ್ಗೆ ಹತ್ತಕ್ಕೆ ಬಿಸಿಲು ಬರುತ್ತೆ ಅಂತ ಹೇಳಿ ಸಂಜೆವರೆಗೂ ಬಾರದೆ ನಾನೂ ಮುಖ ಕೆಡಿಸಿಕೊಂಡದ್ದುಂಟು.

ಇಷ್ಟು ಹೇಳಿದ ಮೇಲೆ ನೀರಾವಿಯನ್ನು ಕಂಬಳಿಗೆ ಹೋಲಿಸುವ ಪಾಠಪುಸ್ತಕದ ಮಾತಿನ ಬಗ್ಗೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ನೆಲದ ಮಟ್ಟಿಗೆ ಅದು ಸರಿ. ಆದರೆ ಕಂಬಳಿ ತಾನೇ ತಣ್ಣಗಾಗಿ ಮನೆಯ ಗಾಳಿಯನ್ನೂ ತಣ್ಣಗೆ ಮಾಡುವುದಿಲ್ಲ. ನೀರಾವಿ ಮಾಡುತ್ತದೆ. ಮೇಲಿನ ಆವಿ ಬಾಹ್ಯಾಕಾಶಕ್ಕೆ ಶಾಖ ಬಿಡುತ್ತ ಸುತ್ತಲಿನ ಗಾಳಿಯನ್ನು ದಿನಕ್ಕೆ ಸುಮಾರು 1ರಿಂದ 2 ಡಿಗ್ರಿಯಷ್ಟು ತಣ್ಣಗೆ ಮಾಡುತ್ತಲೇ ಇರುತ್ತದೆ. ಹೀಗೇ ಬಿಟ್ಟರೆ ಮೇಲಿನ ಗಾಳಿ ಎಲ್ಲಿಗೋ ಇಳಿದುಹೋಗಬೇಕಿತ್ತು. ಇಳಿಯದಂತೆ ನೋಡಿಕೊಳ್ಳುವುದು ಮೋಡ: ಆವಿ ಹನಿಯಾಗುವಾಗ ಬಿಡುವ ಶಾಖ ಆ ಸಾಲವನ್ನು ತೀರಿಸುತ್ತದೆ. ಇಡೀ ಭೂಮಿಯ ಸರಾಸರಿ ಮಳೆ ವರ್ಷಕ್ಕೆ ಸುಮಾರು ಒಂದು ಮೀಟರ್. ಹತ್ತು ಮೀಟರ್ ಆಗುವುದಿಲ್ಲ ಯಾಕೆ? ಗಾಳಿ ಎಷ್ಟು ಶಾಖವನ್ನು ಹೊರಗೆ ಬಿಡಬಲ್ಲದೋ ಅಷ್ಟಕ್ಕೆ ತಕ್ಕ ಮಳೆಯೇ ಆಗಬೇಕು. ನಿಮ್ಮ ಮಾಳಿಗೆಯ ಚಳಿಗೂ ಎಲ್ಲೋ ಸುರಿಯುವ ಮಳೆಗೂ ಒಂದೇ ಲೆಕ್ಕದ ಪುಸ್ತಕ.

ಕೊನೆಗೆ ನಿಮ್ಮ ತೋಟಕ್ಕೆ ಬರೋಣ. ಪತ್ರಿಕೆಯಲ್ಲಿ ಬರುವ ಕನಿಷ್ಠ ಉಷ್ಣಾಂಶವನ್ನು ಅಳೆಯುವುದು ನೆಲದಿಂದ ನಾಲ್ಕಡಿ ಎತ್ತರದ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ಆ ಪೆಟ್ಟಿಗೆಗೆ ಆಕಾಶ ಕಾಣುವುದಿಲ್ಲ. ನಿಮ್ಮ ಬಳ್ಳಿಯ ಮೇಲೆಲೆಗೆ ಕಾಣುತ್ತದೆ. ತಿಳಿಯಾದ, ಗಾಳಿಯಿಲ್ಲದ ರಾತ್ರಿ ಪೆಟ್ಟಿಗೆ 9 ಅಂದರೆ ಎಲೆ 5ರಲ್ಲೋ 6ರಲ್ಲೋ ಇರಬಹುದು. ಊಟಿಯಲ್ಲಿ ಗಾಳಿ ಸೊನ್ನೆಗೆ ಇಳಿಯದಿದ್ದರೂ ಹುಲ್ಲಿನ ಮೇಲೆ ಹಿಮ ಕಟ್ಟುವುದು ಇದೇ ಲೆಕ್ಕದಲ್ಲಿ. ಚಳಿ ಜೋರಾಗುವ ಸೂಚನೆ ಇದ್ದಾಗ ಹಿಂದಿನ ದಿನ ನೀರು ಕೊಟ್ಟ ಮಣ್ಣು ಒಣ ಎರೆಮಣ್ಣಿಗಿಂತ ಬೆಚ್ಚಗಿರುತ್ತದೆ. ಒದ್ದೆ ಮಣ್ಣು ಹಗಲಿನ ಶಾಖವನ್ನು ಆಳದಲ್ಲಿ ಇಟ್ಟುಕೊಂಡು ರಾತ್ರಿ ಮೇಲಕ್ಕೆ ಕೊಡುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೆಳಗಿನ ಎಲೆಗೆ ಇಬ್ಬನಿ ಕಡಿಮೆ, ಹಾಗಾಗಿ ಎಲೆಗೆ ಬೂಜಿನಂತೆ ಹಿಡಿಯುವ ಡೌನಿ ರೋಗದ ಕಾಟವೂ ಕಡಿಮೆ. ಇನ್ನು ಮೋಡದ ದಿನಗಳಲ್ಲಿ ಇಬ್ಬನಿಯೇ ಕಟ್ಟುವುದಿಲ್ಲವಲ್ಲ ಅಂತ ಔಷಧಿ ಹೊಡೆಯುವುದನ್ನು ಬಿಡಬೇಡಿ. ರೋಗಕ್ಕೆ ಬೇಕಾಗಿರುವುದು ಎಲೆ ಒದ್ದೆಯಾಗಿರುವ ಗಂಟೆಗಳು. ತಿಳಿ ದಿನದ ಇಬ್ಬನಿ ಎಂಟು ಒಂಬತ್ತಕ್ಕೆಲ್ಲ ಆರಿಹೋಗುತ್ತದೆ. ಮೋಡದ ದಿನ ಸಣ್ಣ ಜಿಟಿಜಿಟಿಗೆ ನೆಂದ ಎಲೆ ಮಧ್ಯಾಹ್ನವಾದರೂ ಹಾಗೇ ಇರುತ್ತದೆ.